ಕ್ಯಾಪ್ ಹಾಕಿದ ಹಲ್ಲು ಯಾಕೆ ‘ಸತ್ತಂಗ’ ಕಾಣುತ್ತದೆ? ಕೊನೆಯ ಹತ್ತು ನಿಮಿಷದ ಲೆಕ್ಕ

ಬಸವಕಲ್ಯಾಣ, ಹುಮನಾಬಾದ್ ಕಡೆ ಮುಂದಿನ ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡವರ ಬಾಯಲ್ಲಿ ಒಂದು ದೂರು ಆಗಾಗ ಕೇಳುತ್ತೇನೆ: ‘ಕಲರ್ ಬರೋಬ್ಬರಿ ಅದ, ಆದ್ರ ಹಲ್ಲು ಸತ್ತಂಗ ಕಾಣಲತ್ತದ.’ ಡಾಕ್ಟರ ಹತ್ತಿರ ವಾಪಸ್ ಹೋದರೆ ಅವರು ಶೇಡ್ ಗೈಡ್ ತೆಗೆದು ಪಕ್ಕದಲ್ಲಿ ಹಿಡಿಯುತ್ತಾರೆ. ಬರೆದುಕೊಟ್ಟಿದ್ದು ಎ2, ಬಂದಿರೋದೂ ಎ2. ತಪ್ಪೇನಿಲ್ಲ, ಸ್ವಲ್ಪ ದಿನ ಹೋಗಲಿ, ಕಣ್ಣಿಗೆ ಒಗ್ಗುತ್ತದೆ ಅಂತ ಕಳಿಸುತ್ತಾರೆ. ಕನ್ನಡಿ ಮುಂದೆ ನಿಂತವರಿಗೆ ಮಾತ್ರ ಒಗ್ಗುವುದಿಲ್ಲ. ಸೆಲ್ಫಿಯಲ್ಲಂತೂ ಆ ಒಂದು ಹಲ್ಲು ಸುಣ್ಣ ಬಳಿದ ಗೋಡೆಯ ಹಾಗೆ ಬೇರೆಯಾಗಿ ನಿಲ್ಲುತ್ತದೆ.

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಬಣ್ಣ ಸರಿಯಾಗಿದ್ದು ಹಲ್ಲು ತಪ್ಪಾಗಿ ಕಾಣುವುದು ಸಾಧ್ಯ. ಅದರ ಕಾರಣ ಬಣ್ಣದಲ್ಲಿಲ್ಲ, ಮೇಲ್ಮೈಯಲ್ಲಿದೆ.

ರಾಜಕೀಯ ಬರೆಯುವ ಜಾಗದಲ್ಲಿ ಹಲ್ಲಿನ ಹೊಳಪು ಯಾಕಪ್ಪಾ ಅಂತ ಕೇಳಬಹುದು. ನಮ್ಮ ಭಾಗದ ಆರೋಗ್ಯದ ಬಗ್ಗೆ ಮಾತಾಡುವಾಗ ನಾವು ‘ಇದೆ’, ‘ಇಲ್ಲ’ ಎಂಬ ಎರಡೇ ಪದಗಳಲ್ಲಿ ಮಾತಾಡುತ್ತೇವೆ. ಆಸ್ಪತ್ರೆ ಇದೆಯಾ, ಸ್ಕ್ಯಾನಿಂಗ್ ಇದೆಯಾ, ಡಾಕ್ಟರ್ ಇದ್ದಾರಾ. 371(ಜೆ) ಬಂದ ಮೇಲೆ, ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾದ ಮೇಲೂ ಲೆಕ್ಕ ಹಾಕುವ ರೀತಿ ಅದೇ. ಆದರೆ ಜಿರ್ಕೋನಿಯಾ ಕ್ಯಾಪ್ ಇವತ್ತು ತಾಲ್ಲೂಕು ಕೇಂದ್ರದ ಕ್ಲಿನಿಕ್ಕಿಗೂ ಬಂದಿದೆ. ವಸ್ತು ಅದೇ, ಯಂತ್ರವೂ ಅದೇ ಜಾತಿಯದು, ಜೊತೆಗೆ ಒಂದು ವಾರಂಟಿ ಕಾರ್ಡ್. ದೊಡ್ಡ ಊರಿನ ಬಾಯಿಗೂ ನಮ್ಮೂರಿನ ಬಾಯಿಗೂ ವ್ಯತ್ಯಾಸ ಬೀಳುವುದು ಕೊನೆಯ ಹತ್ತು ನಿಮಿಷದ ಕೆಲಸದಲ್ಲಿ. ಆ ಹತ್ತು ನಿಮಿಷ ಯಾವ ಬಿಲ್ಲಿನಲ್ಲೂ ಇರುವುದಿಲ್ಲ.

ಬೆಳಕು ಎರಡು ಕಡೆಯಿಂದ ಬರುತ್ತದೆ

ಹಲ್ಲಿನ ಮೇಲೆ ಬಿದ್ದ ಬೆಳಕಿನಲ್ಲಿ ಒಂದು ಸಣ್ಣ ಪಾಲು ಮೇಲ್ಮೈಗೆ ತಾಗಿ ಕನ್ನಡಿಯಲ್ಲಿ ಪುಟಿದ ಹಾಗೆ ಪುಟಿಯುತ್ತದೆ. ಅದು ಹೊಳಪು. ಉಳಿದದ್ದು ಒಳಗೆ ಹೋಗಿ, ಎನಾಮೆಲ್‌ನಲ್ಲಿ, ಅದರ ಕೆಳಗಿನ ಹಳದಿ ಡೆಂಟಿನ್‌ನಲ್ಲಿ ಸುತ್ತಾಡಿ ಹೊರಗೆ ಬರುತ್ತದೆ. ಬಣ್ಣ, ಆಳ, ಅಂಚಿನಲ್ಲಿ ಕಾಣುವ ಅರೆಪಾರದರ್ಶಕತೆ, ‘ಜೀವ’ ಅಂತ ನಾವು ಕರೆಯುವುದು, ಎಲ್ಲ ಈ ಎರಡನೇ ಬೆಳಕಿನದು. ಸೆರಾಮಿಕ್ ಹಲ್ಲು ಮಾಡುವವರು ಈ ಎರಡನ್ನೂ ನಕಲು ಮಾಡಬೇಕು.

ಈಗ ಮೇಲ್ಮೈ ಒರಟಾಗಿದೆ ಅಂದುಕೊಳ್ಳಿ. ಕನ್ನಡಿಯಂತೆ ಒಂದೇ ದಿಕ್ಕಿಗೆ ಹೋಗಬೇಕಿದ್ದ ಬೆಳಕು ನೂರು ದಿಕ್ಕಿಗೆ ಚೆದುರುತ್ತದೆ. ಅದಕ್ಕೆ ಬಣ್ಣವಿಲ್ಲ, ಅದು ಬಿಳಿ. ಒಳಗಿನಿಂದ ಬರುವ ಬಣ್ಣದ ಬೆಳಕಿನ ಜೊತೆ ಅದು ಬೆರೆತಾಗ ಹಾಲಿಗೆ ನೀರಲ್ಲ, ಚಹಾಕ್ಕೆ ಹಾಲು ಸುರಿದ ಹಾಗೆ ಆಗುತ್ತದೆ. ಹಲ್ಲು ಬಿಳಿಚಿಕೊಳ್ಳುತ್ತದೆ, ಆಳ ಹೋಗುತ್ತದೆ. ಒಳಗಿನ ವರ್ಣದ್ರವ್ಯ ಒಂದಿಷ್ಟೂ ಬದಲಾಗಿಲ್ಲ, ಎ2 ಎ2ನೇ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಬಾತ್‌ರೂಮ್ ಕಿಟಕಿಯ ಮಂಜುಗಾಜಿನ ಒರಟು ಬದಿಗೆ ಸೆಲ್ಲೋಟೇಪ್ ಒತ್ತಿ ಹಚ್ಚಿ. ಅಷ್ಟು ಜಾಗದಲ್ಲಿ ಹೊರಗಿನ ಮರ ಕಾಣುತ್ತದೆ. ಗಾಜು ಬದಲಾಗಲಿಲ್ಲ, ಟೇಪಿನ ಅಂಟು ಗಾಜಿನ ಗುಂಡಿಗಳನ್ನು ತುಂಬಿತು ಅಷ್ಟೇ. ಕ್ಯಾಪ್ ಹಾಕಿದ ಹಲ್ಲು ಕ್ಲಿನಿಕ್ಕಿನಲ್ಲಿ ಚೆನ್ನಾಗಿ ಕಂಡು, ಫೋಟೊದಲ್ಲಿ ಮಂಕಾಗಿ ಕಾಣುವುದಕ್ಕೂ ಇದೇ ಕಾರಣ ಇರಬಹುದು. ಎಂಜಲಿನ ಪದರ ಒರಟನ್ನು ತುಂಬಿಕೊಂಡಿರುತ್ತದೆ. ಹಲ್ಲು ಬಿಟ್ಟು ನಕ್ಕು ನಾಲ್ಕು ಫೋಟೊ ತೆಗೆಸಿಕೊಳ್ಳುವ ಹೊತ್ತಿಗೆ ಅದು ಒಣಗುತ್ತದೆ. (ಇದರದೇ ಇನ್ನೊಂದು ಮುಖ: ಬಾಯಿ ತೆರೆದು ಕೂತು ಒಣಗಿದ ನಿಜ ಹಲ್ಲು ಕೂಡ ಇದ್ದದ್ದಕ್ಕಿಂತ ಬಿಳಿಯಾಗಿ ಕಾಣುತ್ತದೆ. ಹಲ್ಲು ಉಜ್ಜಿ ಅಳತೆ ತೆಗೆದ ಮೇಲೆ ಶೇಡ್ ನೋಡಿದರೆ ತಪ್ಪು ನಂಬರ್ ಸಿಗುತ್ತದೆ. ಶೇಡ್ ನೋಡಬೇಕಾದ್ದು ಕುರ್ಚಿಯಲ್ಲಿ ಕೂತ ಕೂಡಲೇ.)

ಮೇಲ್ಮೈಯೇ ಬಣ್ಣವನ್ನು ಹೊರತರುತ್ತದೆ ಅನ್ನುವುದು ನಮ್ಮ ಜಿಲ್ಲೆಗೆ ಹೊಸ ಸುದ್ದಿಯೇನಲ್ಲ. ಬಿದರಿ ಕೆಲಸ ನೋಡಿದವರಿಗೆ ಗೊತ್ತು. ಸತುವು, ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿ ಎಳೆ ಕೂರಿಸಿದ ಮೇಲೂ ಹೂಜಿ ಬೂದು ಬೂದಾಗೇ ಇರುತ್ತದೆ, ಬೆಳ್ಳಿ ಎಲ್ಲಿ ಲೋಹ ಎಲ್ಲಿ ಸರಿಯಾಗಿ ಗೊತ್ತಾಗುವುದಿಲ್ಲ. ಉಜ್ಜಿ ನುಣುಪು ಮಾಡಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿ ಹಚ್ಚಿದಾಗ ಲೋಹ ಮಾತ್ರ ಕಪ್ಪಾಗುತ್ತದೆ. ಮೇಲೊಂದು ಕೈ ಎಣ್ಣೆ ಸವರಿದರೆ ಆ ಕಪ್ಪು ಇನ್ನೂ ಗಾಢವಾಗುತ್ತದೆ. ದಿನಗಟ್ಟಲೆ ಕೆತ್ತಿದ ಕೆಲಸ ಕಣ್ಣಿಗೆ ಬೀಳುವುದು ಆ ಕೊನೆಯ ಹಂತದಲ್ಲಿ.

ಅರ್ಧ ಮೈಕ್ರಾನ್

ಎಂಜಿನಿಯರಿಂಗ್ ಓದುವಾಗ ಮೆಟ್ರಾಲಜಿ ಲ್ಯಾಬ್‌ನಲ್ಲಿ ಒಂದು ಯಂತ್ರ ಇತ್ತು. ಗ್ರಾಮೊಫೋನ್ ಸೂಜಿಯಂಥ ಮುಳ್ಳು ಲೋಹದ ಮೇಲೆ ಮೆಲ್ಲಗೆ ಹರಿದು ಉಬ್ಬುತಗ್ಗುಗಳ ಗೀಟು ಎಳೆಯುತ್ತಿತ್ತು. ಅದರ ಸರಾಸರಿಗೆ ‘ಆರ್‌ಎ’ ಅನ್ನುತ್ತಾರೆ, ಅಳತೆ ಮೈಕ್ರಾನ್‌ಗಳಲ್ಲಿ. ಆಗ ಅದು ಬರೀ ಪರೀಕ್ಷೆಗೆ ಬರುವ ಪ್ರಶ್ನೆ. ದಂತವಿಜ್ಞಾನದಲ್ಲಿ ಅದೇ ಸಂಖ್ಯೆಯ ಮೇಲೆ ರಾಶಿಗಟ್ಟಲೆ ಸಂಶೋಧನೆ ನಡೆದಿದೆ.

ತಲೆಗೂದಲು ಹೆಚ್ಚುಕಮ್ಮಿ 70 ಮೈಕ್ರಾನ್ ದಪ್ಪ. ನಮ್ಮ ನಾಲಿಗೆ ಅರ್ಧ ಮೈಕ್ರಾನ್ ಆಸುಪಾಸಿನ ಒರಟನ್ನೂ ಗುರುತಿಸುತ್ತದೆ. ‘ಏನೋ ಚುಚ್ಚಿದಂಗ ಆಗಲತ್ತದ’ ಅಂತ ರೋಗಿ ಹೇಳಿದರೆ ನಂಬುವುದು ಒಳ್ಳೆಯದು, ನಾಲಿಗೆ ಬಹಳ ಒಳ್ಳೆಯ ಉಪಕರಣ. ಒರಟುತನ 0.2 ಮೈಕ್ರಾನ್ ದಾಟಿದರೆ ಬ್ಯಾಕ್ಟೀರಿಯಾದ ಪಾಚಿ ಹೆಚ್ಚು ಕೂರಲು ಶುರುವಾಗುತ್ತದೆ ಎಂಬುದು 1990ರ ದಶಕದಿಂದ ಎಲ್ಲರೂ ಬಳಸುವ ಗಡಿ. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ 0.4ರಿಂದ 0.7 ಮೈಕ್ರಾನ್. ಉಬ್ಬುತಗ್ಗು ಅದಕ್ಕಿಂತ ತುಂಬಾ ಚಿಕ್ಕದಾಗಿದ್ದರೆ ಮಾತ್ರ ಬೆಳಕಿನ ಪಾಲಿಗೆ ಅದು ಕನ್ನಡಿ. ಹಾಗಾಗಿ ಹೊಳಪು, ಪಾಚಿ, ನಾಲಿಗೆಯ ಕಿರಿಕಿರಿ, ಎಲ್ಲವೂ ಒಂದೇ ಸಣ್ಣ ಜಾಗದಲ್ಲಿ ನಿರ್ಧಾರವಾಗುತ್ತವೆ.

ಬಣ್ಣದ ವ್ಯತ್ಯಾಸಕ್ಕೂ ಸಂಖ್ಯೆ ಇದೆ, ಡೆಲ್ಟಾ ಇ. ಈಗ ಚಾಲ್ತಿಯಲ್ಲಿರುವ ಸೂತ್ರದ ಪ್ರಕಾರ ಅದು 0.8 ಆದಾಗ ನೋಡುವವರಲ್ಲಿ ಅರ್ಧ ಜನರಿಗೆ ವ್ಯತ್ಯಾಸ ಗೊತ್ತಾಗುತ್ತದೆ, 1.8 ದಾಟಿದರೆ ಅರ್ಧ ಜನ ‘ಇದು ನಡೆಯಲ್ಲ’ ಅನ್ನುತ್ತಾರೆ. ಒಂದೇ ಬ್ಲಾಕಿನಿಂದ ಕೊಯ್ದ ಎರಡು ತುಣುಕುಗಳಲ್ಲಿ ಒಂದನ್ನು ಒರಟು ಬಿಟ್ಟು, ಇನ್ನೊಂದನ್ನು ಪಾಲಿಶ್ ಮಾಡಿದರೆ ಅವುಗಳ ನಡುವಿನ ಅಂತರ ಈ ಗಡಿಗಳನ್ನು ದಾಟಬಲ್ಲದು. ಶೇಡ್ ಗೈಡ್‌ನ ತುಣುಕು ನುಣ್ಣಗೆ ಹೊಳೆಯುವಂಥದ್ದು, ಬಾಯಲ್ಲಿರುವುದು ಒರಟು. ಅವೆರಡನ್ನು ಪಕ್ಕಪಕ್ಕ ಹಿಡಿದು ‘ಎ2 ಸರಿ ಇದೆ’ ಅನ್ನುವುದರಲ್ಲಿ ಅರ್ಥ ಕಡಿಮೆ.

ಮಗುಚಿಟ್ಟ ಚಹಾ ಕಪ್

ಮನೆಯ ಪಿಂಗಾಣಿ ಕಪ್ಪನ್ನು ಮಗುಚಿ ನೋಡಿ. ತಳದಲ್ಲಿ ಒಂದು ಉಂಗುರ ಒರಟಾಗಿರುತ್ತದೆ, ಹಳೇ ಕಪ್ ಆದರೆ ಆ ಉಂಗುರ ಮಾತ್ರ ಕಂದು ಹಿಡಿದಿರುತ್ತದೆ. ಉಳಿದ ಕಪ್ ಎಷ್ಟು ವರ್ಷ ಚಹಾ ಕುಡಿದರೂ ತೊಳೆದರೆ ಬಿಳಿ. ತಳದ ಉಂಗುರಕ್ಕೆ ಗ್ಲೇಜ್ ಇಲ್ಲ. ಗ್ಲೇಜ್ ಅಂದರೆ ಬೇಗ ಕರಗುವ ಗಾಜಿನ ಪುಡಿಯನ್ನು ಹಚ್ಚಿ ಕುಲುಮೆಯಲ್ಲಿ ಸುಟ್ಟು ಮಾಡಿದ ತೆಳು ಪದರ. ಹಲ್ಲಿನ ಕ್ಯಾಪ್‌ಗೂ ಅದನ್ನೇ ಮಾಡುತ್ತಾರೆ. ಸೆರಾಮಿಕ್ ಬಾಯಿಗೆ ಬಂದದ್ದೂ ಒಂದರ್ಥದಲ್ಲಿ ಇದರಿಂದಲೇ. 1774ರಲ್ಲಿ ಫ್ರಾನ್ಸಿನ ಔಷಧ ವ್ಯಾಪಾರಿ ಅಲೆಕ್ಸಿ ದ್ಯೂಶಾತೊ ತನ್ನ ದಂತದ ಹಲ್ಲುಸೆಟ್ಟು ವಾಸನೆ, ಕಲೆ ಹಿಡಿದು ಬೇಸತ್ತು, ತನ್ನ ಅಂಗಡಿಯ ಪಿಂಗಾಣಿ ಪಾತ್ರೆಗಳು ಹಾಗೆ ಹಾಳಾಗುವುದಿಲ್ಲವಲ್ಲ ಅಂತ ಪಿಂಗಾಣಿ ಹಲ್ಲು ಮಾಡಿಸಲು ಹೊರಟ.

ಈಗ ಕ್ಲಿನಿಕ್ಕಿಗೆ ಬರೋಣ. ಲ್ಯಾಬಿನಿಂದ ಕ್ಯಾಪ್ ಗ್ಲೇಜ್ ಆಗಿ, ಫಳಫಳ ಹೊಳೆಯುತ್ತ ಬರುತ್ತದೆ. ಡಾಕ್ಟರ್ ಕೂರಿಸಿ ನೋಡುತ್ತಾರೆ, ಬಣ್ಣದ ಕಾಗದ ಕಚ್ಚಿಸುತ್ತಾರೆ. ‘ಎತ್ತರ ಆಗ್ಯದ’ ಅಂತ ರೋಗಿ. ಗುರುತು ಬಿದ್ದ ಕಡೆ ಡೈಮಂಡ್ ಬರ್ ಹಿಡಿದು ಸವರುತ್ತಾರೆ, ಮತ್ತೆ ಕಚ್ಚಿಸುತ್ತಾರೆ, ಮತ್ತೆ ಸವರುತ್ತಾರೆ. ಮುಂದಿನ ಹಲ್ಲಾದರೆ ಅಂಚಿನ ಉದ್ದ, ಪಕ್ಕದ ಆಕಾರ ತಿದ್ದುವುದೂ ಉಂಟು. ಇದು ಮಾಡಲೇಬೇಕಾದ ಕೆಲಸ, ಎತ್ತರ ಬಿಟ್ಟರೆ ಬೇರೆಯೇ ತೊಂದರೆ. ಆದರೆ ಬರ್ ತಾಗಿದಲ್ಲೆಲ್ಲ ಗ್ಲೇಜ್ ಹೋಯಿತು. ಅಲ್ಲೀಗ ಕಪ್ಪಿನ ತಳದ ಉಂಗುರ.

ಜಿರ್ಕೋನಿಯಾದಲ್ಲಿ ಇನ್ನೊಂದು ಪೇಚಿದೆ. ಜಿರ್ಕೋನಿಯಾ ಹುಟ್ಟಾ ಬಿಳಿ. ಸೀಮೆಸುಣ್ಣದಂಥ ಬ್ಲಾಕನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕೆತ್ತಿ, ಸುಮಾರು 1500 ಡಿಗ್ರಿಯಲ್ಲಿ ಸುಟ್ಟಾಗ ಅದು ಉದ್ದಗಲದಲ್ಲಿ ಶೇ 20ರಷ್ಟು ಕುಗ್ಗಿ ಗಟ್ಟಿಯಾಗುತ್ತದೆ. ಬಣ್ಣ ಒಳಗಿಂದಲೇ ಇರುವ, ಪದರ ಪದರವಾಗಿ ಬದಲಾಗುವ ಬ್ಲಾಕುಗಳಿವೆ. ಸುಡುವ ಮುಂಚೆ ಬಣ್ಣದ ದ್ರಾವಣದಲ್ಲಿ ಅದ್ದುವ ದಾರಿಯಿದೆ. ಎಲ್ಲಕ್ಕಿಂತ ಅಗ್ಗದ ದಾರಿ, ಬಿಳಿ ಬ್ಲಾಕಿಗೆ ಮೇಲಿಂದ ಬಣ್ಣ ಬಳಿದು ಅದರ ಮೇಲೆ ಗ್ಲೇಜ್ ಮಾಡುವುದು. ಇಂಥದ್ದನ್ನು ಸವರಿದರೆ ಹೊಳಪಿನ ಜೊತೆ ಬಣ್ಣವೂ ಕಿತ್ತುಬಂದು ಬಿಳಿ ಮಚ್ಚೆ ಏಳುತ್ತದೆ. ‘ಜಿರ್ಕೋನಿಯಾ’ ಅನ್ನೋ ಒಂದೇ ಹೆಸರಿನಲ್ಲಿ ಮೂರೂ ಮಾರಾಟ ಆಗುತ್ತವೆ.

ಬರಿಯ ಜಿರ್ಕೋನಿಯಾವನ್ನು ಕನ್ನಡಿಯಂತೆ ಪಾಲಿಶ್ ಮಾಡಿದರೂ ಅದು ನಿಜ ಹಲ್ಲಿನಂತೆ ಕಾಣುವುದಿಲ್ಲ. ವಕ್ರೀಭವನದ ಲೆಕ್ಕ ಹಾಕಿದರೆ ಒಣ ಎನಾಮೆಲ್ ನೇರವಾಗಿ ಬಿದ್ದ ಬೆಳಕಿನಲ್ಲಿ ಶೇ 5-6ರಷ್ಟನ್ನು ಪುಟಿಸುತ್ತದೆ, ಜಿರ್ಕೋನಿಯಾ ಶೇ 13ರ ಹತ್ತಿರ. ಅದಕ್ಕೇ ಅದರಲ್ಲೊಂದು ಲೋಹದಂಥ ಮಿಂಚು. ಮುಂದಿನ ಹಲ್ಲಿಗೆ ಗ್ಲೇಜ್ ಅಥವಾ ತೆಳು ಪಿಂಗಾಣಿ ಪದರ ಕೊಡುವುದಕ್ಕೆ, ಇಲ್ಲವೇ ಲಿಥಿಯಂ ಡೈಸಿಲಿಕೇಟ್‌ನಂಥ ಗಾಜಿನ ಸೆರಾಮಿಕ್ ಆರಿಸುವುದಕ್ಕೆ ಇದೂ ಒಂದು ಕಾರಣ.

ಹಿಂದಿನ ದವಡೆ ಹಲ್ಲಾದರೆ ಯಾರು ನೋಡ್ತಾರೆ ಅಂತೀರಾ? ಅಲ್ಲಿ ಕಥೆ ಬೇರೆ. ಜಿರ್ಕೋನಿಯಾ ಅಷ್ಟು ಗಟ್ಟಿ, ಎದುರಿನ ನಿಜ ಹಲ್ಲನ್ನು ತಿಂದುಹಾಕುತ್ತದೆ ಅಂತ ಬಹಳ ಜನ ಹೆದರಿದ್ದರು. ಪ್ರಯೋಗಾಲಯದಲ್ಲಿ ಉಜ್ಜಿ ನೋಡಿದಾಗ ಬೇರೆಯೇ ಕಂಡಿತು: ಚೆನ್ನಾಗಿ ಪಾಲಿಶ್ ಆದ ಜಿರ್ಕೋನಿಯಾ ಎದುರಿನ ಹಲ್ಲನ್ನು ಸವೆಸುವುದು ಕಡಿಮೆ. ಗ್ಲೇಜ್ ಮಾತ್ರ ಮಾಡಿದ್ದು ಹೆಚ್ಚು ಸವೆಸುತ್ತದೆ, ಏಕೆಂದರೆ ಜಗಿಯುವ ಜಾಗದಲ್ಲಿ ಗ್ಲೇಜ್ ಸವೆದುಹೋಗಿ ಕೆಳಗಿನ ಒರಟು ಹೊರಬರುತ್ತದೆ. ಬರ್ ಹಿಡಿದು ಸವರಿ ಹಾಗೇ ಬಿಟ್ಟದ್ದು ಎಲ್ಲಕ್ಕಿಂತ ಕೆಟ್ಟದ್ದು. ಅಂದರೆ ಗಡಸುತನಕ್ಕಿಂತ ಒರಟುತನ ಅಪಾಯಕಾರಿ. ಕ್ಯಾಪ್‌ಗೆ ವಾರಂಟಿ ಇದೆ, ಎದುರಿನ ಹಲ್ಲಿಗೆ ಇಲ್ಲ.

ಲಾರಿ ಪೇಂಟರ್‌ಗೆ ಗೊತ್ತಿರೋದು

ಬಸವಕಲ್ಯಾಣ ಲಾರಿಗಳ ಊರು. ಇಲ್ಲಿ ಗ್ಯಾರೇಜಿನ ಮುಂದೆ ಅರ್ಧ ದಿನ ನಿಂತರೆ ಪಾಲಿಶಿಂಗ್‌ನ ಮೂಲಪಾಠ ಮುಗಿಯುತ್ತದೆ. ಪುಟ್ಟಿ ಹಚ್ಚಿ ಒಣಗಿದ ಮೇಲೆ ಮೊದಲು ಒರಟು ಕಾಗದ, ಆಮೇಲೆ ನಂಬರ್ ಏರಿಸುತ್ತ ನುಣ್ಣನೆಯ ಕಾಗದ. ನಡುವಿನ ನಂಬರ್ ಹಾರಿಸಿದರೆ ಗೀರು ಹಾಗೇ ಉಳಿದು ಬಣ್ಣದ ಕೆಳಗಿಂದ ಇಣುಕುತ್ತದೆ. ಪ್ರತಿ ಹಂತದ ಕೆಲಸ ಹಿಂದಿನ ಹಂತದ ಗೀರು ಅಳಿಸುವುದು, ಅಷ್ಟೇ.

ಹಲ್ಲಿನದೂ ಅದೇ ವಿದ್ಯೆ. ಡೈಮಂಡ್ ಬರ್‌ಗಳ ಕತ್ತಿಗೆ ಬಣ್ಣದ ಉಂಗುರ ಇರುತ್ತದೆ: ಹಸಿರು ಒರಟು, ನೀಲಿ ಮಧ್ಯಮ, ಕೆಂಪು ನುಣುಪು, ಹಳದಿ ಇನ್ನೂ ನುಣುಪು. ಸವರುವುದನ್ನೇ ಕೆಂಪು ಉಂಗುರದ್ದರಲ್ಲಿ, ನೀರು ಬಿಡುತ್ತ ಮಾಡಬೇಕು. ಆಮೇಲೆ ಡೈಮಂಡ್ ಪುಡಿ ಬೆರೆತ ರಬ್ಬರ್ ಚಕ್ರಗಳು, ಒರಟಿನಿಂದ ನುಣುಪಿಗೆ ಎರಡೋ ಮೂರೋ. ಕೊನೆಗೆ ಬೇಕಾದರೆ ಡೈಮಂಡ್ ಪೇಸ್ಟ್. ಜಿರ್ಕೋನಿಯಾಕ್ಕೆ ಅದರದೇ ಕಿಟ್ ಬೇಕು, ಪಿಂಗಾಣಿಯ ರಬ್ಬರ್ ಅದರ ಮೇಲೆ ಜಾರುತ್ತದೆ. ಸರಿಯಾಗಿ ಮಾಡಿದ ಪಾಲಿಶ್ ಗ್ಲೇಜ್‌ಗೆ ಸರಿಸಮವಾಗಿ ನಿಲ್ಲಬಲ್ಲದು.

ಪಾಲಿಶ್ ಅಂದರೆ ಇಸ್ತ್ರಿ ಹೊಡೆದ ಹಾಗೆ ಮಟ್ಟಸ ಮಾಡುವುದು ಅಂತಲ್ಲ. ಹದಿನೆಂಟರ ಹುಡುಗಿಯ ಮುಂದಿನ ಹಲ್ಲನ್ನು ಓರೆ ಬೆಳಕಿನಲ್ಲಿ ನೋಡಿ, ಅಡ್ಡಡ್ಡ ಬಹಳ ಸೂಕ್ಷ್ಮ ಗೆರೆಗಳಿರುತ್ತವೆ, ಸಣ್ಣ ಏರಿಳಿತ ಇರುತ್ತದೆ. ಅಜ್ಜಿಯ ಹಲ್ಲಿನಲ್ಲಿ ಅದು ಸವೆದು ನುಣುಪಾಗಿರುತ್ತದೆ. ಒಳ್ಳೆಯ ಟೆಕ್ನಿಷಿಯನ್ ಆ ಗೆರೆಗಳನ್ನು ಕೆತ್ತಿ ಆಮೇಲೆ ಹೊಳಪು ಕೊಡುತ್ತಾನೆ. ಅದಿಲ್ಲದೆ ಬರೀ ದಪ್ಪ ಗ್ಲೇಜ್ ಸುರಿದರೆ ಬಾತ್‌ರೂಮ್ ಟೈಲ್ ಸಿಗುತ್ತದೆ. ಚುನಾವಣೆ ಫ್ಲೆಕ್ಸ್‌ಗಳಲ್ಲಿ ಎಲ್ಲ ಪಕ್ಷದ ನಾಯಕರಿಗೂ ಇರುತ್ತಲ್ಲ, ಆ ಹಲ್ಲು.

ಈ ಟೆಕ್ನಿಷಿಯನ್‌ಗೆ ರೋಗಿಯ ಮುಖ ಕಾಣುವುದಿಲ್ಲ. ಅವನಿಗೆ ಸಿಗುವುದು ಒಂದು ಅಳತೆ, ‘ಎ2’ ಎಂಬ ಒಂದು ಚೀಟಿ, ಅದೃಷ್ಟ ಇದ್ದರೆ ಟ್ಯೂಬ್‌ಲೈಟಿನ ಕೆಳಗೆ ತೆಗೆದ ಒಂದು ವಾಟ್ಸಾಪ್ ಫೋಟೊ. 1948ರ ದಂತವೈದ್ಯರ ಕಾಯ್ದೆ ಈ ಕೆಲಸಗಾರರನ್ನು ಕರೆದದ್ದು ‘ಡೆಂಟಲ್ ಮೆಕ್ಯಾನಿಕ್’ ಅಂತ. ಆ ಕಾಯ್ದೆಯ ಜಾಗಕ್ಕೆ 2023ರಲ್ಲಿ ಸಂಸತ್ತು ರಾಷ್ಟ್ರೀಯ ದಂತ ಆಯೋಗದ ಕಾಯ್ದೆ ತಂದಿತು. ಕಲ್ಯಾಣದ ಬಗ್ಗೆ ಬರೆಯುವಾಗ ಈ ಹಂತದಲ್ಲಿ ‘ಕಾಯಕ’ ಅನ್ನುವುದು ನಮ್ಮ ಪತ್ರಕರ್ತರ ಚಟ, ನಾನು ಬಿಡುತ್ತೇನೆ. ಆದರೆ ಹಲ್ಲಿನ ಮೇಲೆ ಯಾರ ಕೈ ಓಡಾಡಿದೆ ಅಂತ ತೊಟ್ಟುಕೊಂಡವನಿಗೂ ಗೊತ್ತಿಲ್ಲದ ವ್ಯವಸ್ಥೆಯಲ್ಲಿ ಆ ಕೈಯ ಕೆಲಸಕ್ಕೆ ಬೆಲೆ ಕಟ್ಟುವವರು ಯಾರು?

ಡಾಕ್ಟರ್‌ಗಳನ್ನು ಬೈದು ಮುಗಿಸುವುದು ಸುಲಭ, ನ್ಯಾಯವಲ್ಲ. ತಾಲ್ಲೂಕಿನ ಸಣ್ಣ ಕ್ಲಿನಿಕ್ಕಿನಲ್ಲಿ ಗ್ಲೇಜ್ ಕುಲುಮೆ ಇಟ್ಟುಕೊಳ್ಳಲಾಗದು. ಸವರಿದ ಕ್ಯಾಪನ್ನು ಮತ್ತೆ ಗ್ಲೇಜ್‌ಗೆ ಕಳಿಸಬೇಕೆಂದರೆ ಲ್ಯಾಬ್ ಇರುವ ಊರಿಗೆ ಕೊರಿಯರ್, ವಾಪಸ್ ಬರಲು ದಿನಗಳು, ರೋಗಿಗೆ ಇನ್ನೊಂದು ದಿನದ ಕೂಲಿ ಖೋತಾ. ‘ಇವತ್ತೇ ಮುಗಿಸ್ರಿ, ಬಸ್ ಹೋಗ್ತದ’ ಅನ್ನುವವನು ರೋಗಿಯೇ. ಬೀದರ್, ಕಲಬುರಗಿಯ ದಂತ ಕಾಲೇಜುಗಳಿಗೆ ಹೋದರೆ ಖರ್ಚು ಉಳಿಯಬಹುದು, ಆದರೆ ಮೂರು ನಾಲ್ಕು ಸಲ ಓಡಾಡುವ ದಿನಗಳನ್ನು ಯಾರು ಕೊಡುತ್ತಾರೆ? ಸರ್ಕಾರದ ದಂತ ಭಾಗ್ಯ ಇದೆ, ಬಿಪಿಎಲ್ ಕುಟುಂಬದ ಹಿರಿಯರಿಗೆ ಹಲ್ಲಿನ ಸೆಟ್ ಕೊಡುತ್ತದೆ. ಬೈಕಿನಿಂದ ಬಿದ್ದು ಮುಂದಿನ ಹಲ್ಲು ಮುರಿದುಕೊಂಡ ಇಪ್ಪತ್ತೆರಡರ ಹುಡುಗ ಅದರ ಲೆಕ್ಕಕ್ಕೆ ಬರುವುದಿಲ್ಲ. ಅವನು ಸಾಲ ಮಾಡಿ ಕ್ಯಾಪ್ ಹಾಕಿಸಿಕೊಳ್ಳುತ್ತಾನೆ, ಆಮೇಲೆ ಇಂಟರ್‌ವ್ಯೂನಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಾನೆ.

ರಬ್ಬರ್ ಪಾಲಿಶಿಂಗ್‌ಗೆ ಮಾತ್ರ ಕುಲುಮೆ ಬೇಡ, ಕೊರಿಯರ್ ಬೇಡ. ಒಂದು ಕಿಟ್, ಹತ್ತು ನಿಮಿಷ. ಅದನ್ನು ಕೇಳಿ ಪಡೆಯಬಹುದು. ಕೇಳಬೇಕಾದ ಹೊತ್ತು ಮುಖ್ಯ: ಕ್ಯಾಪ್ ಅಂಟಿಸುವ ಮುಂಚೆ. ಕೂರಿಸಿ, ಕಚ್ಚಿಸಿ, ಸವರಿ ಆದ ಮೇಲೆ ಅದನ್ನು ಹೊರತೆಗೆದು ಕೈಯಲ್ಲಿ ಹಿಡಿದು ಪಾಲಿಶ್ ಮಾಡುವುದು ಸುಲಭ. ಅಂಟಿಸಿದ ಮೇಲೆ ಎಂಜಲು, ತುಟಿ, ನಾಲಿಗೆಗಳ ನಡುವೆ ಅದೇ ಕೆಲಸ ಅರ್ಧಂಬರ್ಧ ಆಗುತ್ತದೆ. ‘ಸವರಿದ ಕಡೆ ಪಾಲಿಶ್ ಮಾಡಿದ್ರಾ ಡಾಕ್ಟ್ರೇ?’ ಅಂತ ಕೇಳಿ. ಕ್ಯಾಪ್ ಒರೆಸಿ ಒಣಗಿಸಿಕೊಂಡು, ಕಿಟಕಿ ಬೆಳಕಿಗೆ ಓರೆಯಾಗಿ ತಿರುಗಿಸಿ ನೋಡಿ. ಹೊಳಪಿನ ಗೆರೆ ಎಲ್ಲಾದರೂ ತುಂಡಾಗಿ ಮಂಕು ಮಚ್ಚೆ ಕಂಡರೆ ತೋರಿಸಿ. ಕಾಣದ ಕಡೆ ನಾಲಿಗೆ ಆಡಿಸಿ.

ಆಗಲೇ ಅಂಟಿಸಿ ಆಗಿದ್ದರೂ ಸುಮ್ಮನಿರಬೇಕಿಲ್ಲ, ಬಾಯೊಳಗೆ ಪಾಲಿಶ್ ಮಾಡಲು ಬೇರೆ ಆಕಾರದ ರಬ್ಬರ್‌ಗಳಿವೆ. ಇದ್ದ ಹೊಳಪು ಉಳಿಸಿಕೊಳ್ಳುವುದಕ್ಕೂ ಎರಡು ಮಾತು. ಹುಳುಕು ತಡೆಯಲು ಹಚ್ಚುವ ಆಮ್ಲೀಯ ಫ್ಲೋರೈಡ್ ಜೆಲ್ ಸೆರಾಮಿಕ್‌ನ ಗಾಜನ್ನು ಕೊರೆಯುತ್ತದೆ, ಕ್ಯಾಪ್ ಇರುವವರು ಅದನ್ನು ಮೊದಲೇ ಹೇಳಿ ತಟಸ್ಥ ಫ್ಲೋರೈಡ್ ಕೇಳಬೇಕು. ಇನ್ನೊಂದು, ಇದ್ದಿಲು, ಬೂದಿ, ಗಡಿಯಾಚೆ ಮಹಾರಾಷ್ಟ್ರದಲ್ಲಿ ರೂಢಿ ಇರುವ ಮಿಶ್ರಿ ಇವುಗಳಿಂದ ತಿಕ್ಕುವುದು. ಮಿಶ್ರಿಯಂತೂ ಹೊಗೆಸೊಪ್ಪು, ಹೊಳಪಿಗಿಂತ ದೊಡ್ಡದನ್ನೇ ಕಿತ್ತುಕೊಳ್ಳುತ್ತದೆ. ಗುಟ್ಕಾಕ್ಕೆ ಕರ್ನಾಟಕದಲ್ಲಿ 2013ರಿಂದ ನಿಷೇಧವಿದೆ. ಕಲೆ ಬಿದ್ದ ಹಲ್ಲುಗಳನ್ನು ನೋಡಿದರೆ ಆ ಆದೇಶ ಎಷ್ಟು ಜಾರಿಯಾಗಿದೆ ಅಂತ ತಿಳಿಯುತ್ತದೆ. ಗ್ಲೇಜ್ ಇದ್ದ ಕಡೆ ಅದರ ಕಲೆ ಮೇಲೆ ಕೂರುತ್ತದೆ, ತೊಳೆದರೆ ಬಹುಪಾಲು ಹೋಗುತ್ತದೆ. ಸವರಿ ಬಿಟ್ಟ ಕಡೆ ಒಳಗೆ ಇಳಿದು ಅಲ್ಲೇ ಉಳಿಯುತ್ತದೆ.